ಬಿಟ್ಟು ಬಂದ ಹಾಡಿಯ ಮೇಲೆ ಹಕ್ಕು ಕೇಳುವುದು ಹೇಗೆ?

ನಾಗರಹೊಳೆ ಕಾಡಿನ ಅಂಚಿನ ಯಾವ ಆದಿವಾಸಿ ಹಾಡಿಗಾದರೂ ಹೋಗಿ, ಅರವತ್ತು ದಾಟಿದ ಅಜ್ಜಿಯೊಬ್ಬರ ಪಕ್ಕ ಕೂತು ‘ಮೊದಲು ಎಲ್ಲಿದ್ರಿ ಅಜ್ಜಿ?’ ಎಂದು ಕೇಳಿ. ಊರಿನ ಹೆಸರು ಬಾಯಿಗೆ ಬರುವ ಮೊದಲೇ ಕೈ ಕಾಡಿನ ಕಡೆ ಏಳುತ್ತದೆ. ಆಮೇಲೆ ಹೊಳೆಯ ಹೆಸರು, ದೇವರ ಹೆಸರು, ಯಾರನ್ನು ಎಲ್ಲಿ ಮಣ್ಣು ಮಾಡಿದ್ದು ಎಂಬ ಮಾತು. ಹೊರಗೆ ಬಂದದ್ದು ಯಾವ ವರ್ಷ ಎಂದರೆ ಇಸವಿ ಸಿಗುವುದಿಲ್ಲ. ‘ದೊಡ್ಡ ಮಗ ಇನ್ನೂ ಕಂಕುಳಲ್ಲಿದ್ದ’ ಎನ್ನುತ್ತಾರೆ. ಈ ಮಾತನ್ನೇ ಸರಿಯಾಗಿ ಬರೆದುಕೊಂಡರೆ ಅದು ಕಾನೂನಿನ ಮುಂದೆ ನಿಲ್ಲುವ ಸಾಕ್ಷ್ಯ. ಅದನ್ನು ಬರೆದು, ಜೋಡಿಸಿ, ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯಾಗಿಸಿ, ಹಕ್ಕುಪತ್ರದವರೆಗೆ ಒಯ್ಯುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಹಾಡಿಗಳಲ್ಲಿ, ಸೋಲಿಗರು ಪೋಡು ಎನ್ನುವ ಊರುಗಳಲ್ಲಿ ಓದು ಬರಹ ಬಲ್ಲ ಯುವಕ ಯುವತಿಯರು, ಅವರ ಜೊತೆ ನಿಲ್ಲುವ ಮೇಷ್ಟ್ರು, ಕಾರ್ಯಕರ್ತರು ಇದನ್ನು ಓದುತ್ತಾರೆ ಎಂದುಕೊಂಡು ಬರೆದಿದ್ದೇನೆ.

ಮೊದಲಿಗೆ, ಆದದ್ದೇನು ಎಂಬುದು ಚುಟುಕಾಗಿ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟೆ ತುಂಬಿತು. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟವೂ ಅಭಯಾರಣ್ಯವಾಗಿ ಸೋಲಿಗರ ಬೇಸಾಯ, ಬೇಟೆ ನಿಂತವು. ಒಳಗಿನ ಪೋಡುಗಳವರು ರಸ್ತೆ ಬದಿಯ ಕಾಲೊನಿಗಳಿಗೆ ಬಂದರು. ನಾಗರಹೊಳೆಯಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ವರ್ಷದಿಂದ ವರ್ಷಕ್ಕೆ ಹೊರಬಿದ್ದರು. ಬಹಳ ಜನ ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಹೈಕೋರ್ಟ್ ನೇಮಿಸಿದ್ದ, ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮುಜಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ, ಹೀಗೆ ಹೊರಬಿದ್ದ 3,418 ಕುಟುಂಬಗಳ ಲೆಕ್ಕವಿದೆ. ಆ ವರದಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ

ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ನಿಯಮಗಳು ಮರುದಿನವೇ, 2008ರ ಜನವರಿ 1ರಂದು ಬಂದವು, 2012ರಲ್ಲಿ ತಿದ್ದುಪಡಿಯಾದವು. ಕಾಯ್ದೆಯ ಪೀಠಿಕೆಯನ್ನು ಒಮ್ಮೆ ಹಾಡಿಯ ಸಭೆಯಲ್ಲಿ ಗಟ್ಟಿಯಾಗಿ ಓದಿ. ಬ್ರಿಟಿಷರ ಕಾಲದಲ್ಲೂ ಸ್ವತಂತ್ರ ಭಾರತದಲ್ಲೂ ಕಾಡನ್ನು ಸರ್ಕಾರದ್ದಾಗಿ ಮಾಡಿಕೊಳ್ಳುವಾಗ ಅರಣ್ಯವಾಸಿಗಳ ಹಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದರಿಂದ ಚಾರಿತ್ರಿಕ ಅನ್ಯಾಯವಾಯಿತು ಎಂದು ಅಲ್ಲಿ ಬರೆದಿದೆ. ತಪ್ಪು ನಡೆದಿದೆ ಎಂದು ಸಂಸತ್ತೇ ಒಪ್ಪಿ ಬರೆದ ಕಾನೂನು ಇದು. ಕಚೇರಿಯ ಮುಂದೆ ಕೈಕಟ್ಟಿ ನಿಂತು ಅಭ್ಯಾಸವಾದವರಿಗೆ ಈ ಒಂದು ಸಾಲು ಕೊಡುವ ಬಲವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಎಲ್ಲರೂ ಎಡವುವ ಜಾಗ. ಕಾಡಿನೊಳಗೆ ಈಗ ವಾಸವಿರುವವರಿಗೆ, 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅನುಭವದಲ್ಲಿರುವ ಜಮೀನಿನ ಮೇಲೆ ಹಕ್ಕು ಸಿಗುತ್ತದೆ, ಅದೂ ಹೆಚ್ಚೆಂದರೆ ನಾಲ್ಕು ಹೆಕ್ಟೇರ್. ಇದು ಎಲ್ಲರಿಗೂ ಗೊತ್ತು. ಹೊರಹಾಕಿಸಿಕೊಂಡವರು ಅರ್ಜಿ ಹಿಡಿದು ಹೋದಾಗ ‘ನೀವು ಈಗ ಕಾಡಲ್ಲಿ ಇಲ್ಲವಲ್ಲ, ನಿಮಗೆ ಬರೋದಿಲ್ಲ’ ಎಂಬ ಮಾತು ಬರುತ್ತದೆ. ಅಂಥ ಮಾತು ಕೇಳಿ ತಿರುಗಿ ಬಂದ ಕುಟುಂಬಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ. ಅದೇ ಕಾಯ್ದೆಯ 3(1)(ಎಂ) ಕಲಂ ಇವರಿಗಾಗಿಯೇ ಇದೆ. 2005ರ ಡಿಸೆಂಬರ್ 13ರ ಮೊದಲು ಕಾನೂನುಬಾಹಿರವಾಗಿ ಒಕ್ಕಲೆಬ್ಬಿಸಿ, ಕೊಡಬೇಕಾದ ಪುನರ್ವಸತಿ ಕೊಡದೆ ಬಿಟ್ಟಿದ್ದರೆ, ಇದ್ದ ಜಾಗದಲ್ಲೇ ಪುನರ್ವಸತಿ ಅಥವಾ ಬದಲಿ ಭೂಮಿ ಕೇಳುವ ಹಕ್ಕು ಅದರಲ್ಲಿದೆ. ಇನ್ನೊಂದು 4(8)ನೇ ಕಲಂ. ಸರ್ಕಾರದ ಯೋಜನೆಗಾಗಿ ಭೂಪರಿಹಾರವಿಲ್ಲದೆ ಎಬ್ಬಿಸಿದ್ದು, ಆ ಭೂಮಿಯನ್ನು ಐದು ವರ್ಷದೊಳಗೆ ಆ ಉದ್ದೇಶಕ್ಕೆ ಬಳಸದೇ ಹೋಗಿದ್ದರೆ, ಅದೇ ಭೂಮಿಯ ಮೇಲೆ ಹಕ್ಕು ಕೇಳಬಹುದು. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ.

ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ಮತ್ತು ಕಾಡಿನ ಅವಲಂಬನೆ ತೋರಿಸಬೇಕಾಗುತ್ತದೆ. ಮಲೆನಾಡಿನಲ್ಲಿ ಈ ವಿಚಾರಕ್ಕೆ ದೊಡ್ಡ ಹೋರಾಟಗಳೇ ನಡೆದಿವೆ. ಅದು ಬೇರೆಯೇ ಲೇಖನಕ್ಕೆ ಆಗುವಷ್ಟಿದೆ, ಇಲ್ಲಿ ಬಿಡುತ್ತೇನೆ.

ಹಾಡಿಯ ಸಭೆಯೇ ಮೊದಲ ಕಚೇರಿ

ಜಿಲ್ಲಾಧಿಕಾರಿಗೆ ಮನವಿ ಕೊಟ್ಟೆವು, ಶಾಸಕರಿಗೆ ಕೊಟ್ಟೆವು ಎಂದು ಹೇಳುವವರು ಬಹಳ. ಕೊಡಬೇಡಿ ಎನ್ನುವುದಿಲ್ಲ. ಆದರೆ ಹಕ್ಕಿನ ಅರ್ಜಿ ಹುಟ್ಟುವುದು ಗ್ರಾಮಸಭೆಯಲ್ಲಿ. ಅದೂ ಪಂಚಾಯಿತಿಯ ಎಲ್ಲ ಊರೂ ಸೇರಿದ ದೊಡ್ಡ ಗ್ರಾಮಸಭೆಯಲ್ಲ. ಅಲ್ಲಿ ಹಾಡಿಯವರ ಮಾತು ಹಿಂದಿನ ಸಾಲಿನಲ್ಲೇ ಉಳಿದುಹೋಗುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಹಾಡಿ, ಪೋಡು, ದಾಖಲೆಯಲ್ಲಿಲ್ಲದ ಅರಣ್ಯ ಗ್ರಾಮ, ಎಲ್ಲವೂ ‘ಗ್ರಾಮ’ವೇ. ನಿಮ್ಮ ಹಾಡಿ ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ, ಅದನ್ನು ಈ ಕಾಯ್ದೆಯ ಉದ್ದೇಶಕ್ಕೆ ಗ್ರಾಮವೆಂದು ಸೇರಿಸುವ ನಿರ್ಣಯ ಮಾಡಿಸಲು ಪಿಡಿಒ ಅವರಿಗೆ ಬರೆದು ಕೊಡಿ.

ಸಭೆಗೆ ಹಾಡಿಯ ಅರ್ಧದಷ್ಟಾದರೂ ಸದಸ್ಯರು ಬಂದಿರಬೇಕು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕಿನ ನಿರ್ಣಯ ಮಾಡುವ ದಿನ ಅರ್ಜಿದಾರರಲ್ಲಿ ಅಥವಾ ಅವರ ಪರವಾಗಿ ಬಂದವರಲ್ಲಿ ಅರ್ಧದಷ್ಟು ಮಂದಿ ಹಾಜರಿರಬೇಕು. ಹಾಜರಿ ಪುಸ್ತಕದಲ್ಲಿ ಸಹಿ, ಸಹಿ ಬಾರದವರದು ಹೆಬ್ಬೆಟ್ಟು, ಪಕ್ಕದಲ್ಲಿ ಹೆಸರು. ತೋಟದ ಲೈನ್ ಮನೆಯಿಂದ ಜನ ಬರಬೇಕಾದರೆ ವಾರದ ದಿನ ಆಗುವುದಿಲ್ಲ. ಭಾನುವಾರ ಇಡಿ, ಕಾಫಿ ಕುಯ್ಲಿನ ತಿಂಗಳು ತಪ್ಪಿಸಿ.

ಆ ಸಭೆಯಲ್ಲೇ ಅರಣ್ಯ ಹಕ್ಕು ಸಮಿತಿ ಆರಿಸಿಕೊಳ್ಳಿ. ಹತ್ತರಿಂದ ಹದಿನೈದು ಜನ. ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು. ಅಧ್ಯಕ್ಷರು, ಕಾರ್ಯದರ್ಶಿ ಯಾರೆಂದು ತೀರ್ಮಾನಿಸಿ ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಿ. ಸಮಿತಿಯಲ್ಲಿರುವವರೇ ಅರ್ಜಿದಾರರೂ ಆಗಿದ್ದರೆ ಅದನ್ನು ಮೊದಲೇ ಹೇಳಿ, ತಮ್ಮ ಅರ್ಜಿಯ ಪರಿಶೀಲನೆಯಿಂದ ಪಕ್ಕಕ್ಕೆ ನಿಲ್ಲಬೇಕು. ಇದನ್ನು ಮರೆತರೆ ಆಮೇಲೆ ಆಕ್ಷೇಪಣೆಗೆ ಬಾಗಿಲು ತೆರೆದಂತೆ.

ನೆನಪನ್ನು ಬರೆದುಕೊಳ್ಳುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಯಾಕೆಂದರೆ ನಮೂನೆ ನಾಳೆ ತುಂಬಬಹುದು, ಕಚೇರಿ ನಾಡಿದ್ದೂ ಇರುತ್ತದೆ. ತಾತ, ಅಜ್ಜಿ ಇರುತ್ತಾರೆಂದು ಹೇಳಲಾಗದು. ಕಾಡಿನೊಳಗೆ ಹುಟ್ಟಿ, ಅಲ್ಲಿ ಮದುವೆಯಾಗಿ, ಆಮೇಲೆ ಹೊರಬಂದವರು ಪ್ರತಿ ಹಾಡಿಯಲ್ಲೂ ಈಗ ಬೆರಳೆಣಿಕೆಯಷ್ಟು ಮಂದಿ.

ನಿಯಮ 13 ಸಾಕ್ಷ್ಯಗಳ ಪಟ್ಟಿ ಕೊಡುತ್ತದೆ. ಅದರ ಕೊನೆಯಲ್ಲಿ, ‘ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರವಣಿಗೆಗೆ ಇಳಿಸಿದ್ದು’ ಎಂಬರ್ಥದ ಮಾತಿದೆ. ‘ಅರ್ಜಿದಾರರಲ್ಲದ’ ಎಂಬುದನ್ನು ಗಮನಿಸಿ. ಒಂದು ಮನೆಯ ಅರ್ಜಿಗೆ ಆ ಮನೆಯ ಯಜಮಾನನದೇ ಹೇಳಿಕೆ ಹಾಕಿದರೆ ಸಾಲದು, ಅದೇ ಹಾಡಿಯಲ್ಲಿದ್ದ ಇನ್ನೊಂದು ಮನೆಯ ಹಿರಿಯರದು ಬೇಕು. ಹಾಗಾಗಿ ಮನೆ ಮನೆ ಅದಲು ಬದಲು ಮಾಡಿ ಬರೆಸಿಕೊಳ್ಳಿ.

ಕೂರುವಾಗ ಮೂರು ಜನ ಇರಿ: ಒಬ್ಬರು ಕೇಳಲು, ಒಬ್ಬರು ಬರೆಯಲು, ಒಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಲು. ಅವರ ಮಾತಿನಲ್ಲೇ ಕೇಳಿ. ಜೇನುಕುರುಬ ನುಡಿಯಲ್ಲಿ ಹೇಳಿದ ಜಾಗದ ಹೆಸರನ್ನು ಕನ್ನಡಕ್ಕೆ ತಿದ್ದಲು ಹೋಗಬೇಡಿ. ಹಳೆಯ ನಕ್ಷೆಯಲ್ಲಿ ಅದೇ ಹೆಸರಿರಬಹುದು.

ಇಸವಿ ಹಿಡಿಯಲು ದೊಡ್ಡ ಘಟನೆಗಳ ಗೂಟ ನೆಡಿ. ಕಾಡಾನೆ ಹಿಡಿಯುವ ಖೆಡ್ಡಾ ಕಾಕನಕೋಟೆಯಲ್ಲಿ ಕೊನೆಯ ಸಲ ನಡೆದದ್ದು 1971ರಲ್ಲಿ. ನಾಗರಹೊಳೆ ಸುತ್ತಲಿನ ಹಿರಿಯರಲ್ಲಿ ಅದನ್ನು ಕಂಡವರೋ ಅಲ್ಲಿ ದುಡಿದ ಅಪ್ಪಂದಿರಿಂದ ಕೇಳಿದವರೋ ಸಿಗುತ್ತಾರೆ. ‘ಖೆಡ್ಡಾ ಆಗಿ ಎಷ್ಟು ಮಳೆಗಾಲ ಆಗಿತ್ತು?’ ಎಂದು ಕೇಳಿ. ಕಬಿನಿ ನೀರು ನಿಂತದ್ದು 1974. ಇಂದಿರಾ ಗಾಂಧಿ ತೀರಿಕೊಂಡದ್ದು 1984. ಇವುಗಳ ನಡುವೆ ಅವರ ಮದುವೆ, ಮಕ್ಕಳ ಹುಟ್ಟು, ಹೊರಬಂದ ದಿನ ಕೂರುತ್ತವೆ. ಇಸವಿ ಖಚಿತವಾಗಿ ಸಿಗದಿದ್ದರೆ ‘ಕಬಿನಿ ತುಂಬಿದ ಮೇಲೆ, ಎರಡನೆಯ ಮಗಳು ಹುಟ್ಟುವ ಮೊದಲು’ ಎಂದೇ ಬರೆಯಿರಿ. ಊಹೆಯ ಇಸವಿ ಹಾಕಿ, ಆಮೇಲೆ ಆಧಾರ್ ಕಾರ್ಡಿನ ವಯಸ್ಸಿಗೆ ಅದು ತಾಳೆಯಾಗದೆ ಇಡೀ ಹೇಳಿಕೆಯೇ ಸುಳ್ಳೆನ್ನಿಸಿಕೊಂಡದ್ದನ್ನು ನೋಡಿದ್ದೇನೆ.

ಹೇಳಿಕೆ ಉದ್ದವಿರಬೇಕಾಗಿಲ್ಲ. ಹೀಗಿದ್ದರೆ ಸಾಕು:

‘ನಾನು ಇಂಥ ಹಾಡಿಯಲ್ಲಿ ಹುಟ್ಟಿದವಳು. ನಮ್ಮ ಹಾಡಿಯಲ್ಲಿ ಆಗ ಹನ್ನೊಂದು ಮನೆಗಳಿದ್ದವು. ಹೊಳೆಯ ಈಚೆ ದಡದಲ್ಲಿ ನಮ್ಮ ಮನೆ, ಅದರ ಪಕ್ಕ ಅರ್ಜಿದಾರರ ತಂದೆ ಇಂಥವರ ಮನೆ. ಅವರು ಮನೆಯ ಹಿಂದೆ ರಾಗಿ ಹಾಕುತ್ತಿದ್ದರು. ಅವರ ತಾಯಿಯನ್ನು ದೇವರ ಮರದ ಹತ್ತಿರ ಮಣ್ಣು ಮಾಡಿದ್ದಾರೆ, ನಾನು ಆ ದಿನ ಅಲ್ಲಿದ್ದೆ. ಕಬಿನಿ ನೀರು ನಿಂತ ಕೆಲವು ವರ್ಷಕ್ಕೆ ಇಲಾಖೆಯವರು ಬಂದು ಮನೆ ಬಿಡಿಸಿದರು. ನಮಗೂ ಅವರಿಗೂ ಭೂಮಿಯಾಗಲಿ ಹಣವಾಗಲಿ ಕೊಡಲಿಲ್ಲ. ಆ ಜಾಗವನ್ನು ನಾನು ಈಗಲೂ ಗುರುತಿಸಬಲ್ಲೆ.’

ಕೆಳಗೆ ಹೆಬ್ಬೆಟ್ಟು, ದಿನಾಂಕ, ಓದಿ ಹೇಳಿದವರ ಸಹಿ, ಇಬ್ಬರು ಸಾಕ್ಷಿಗಳು. ಬರೆದದ್ದನ್ನು ಅವರಿಗೆ ಪೂರ್ತಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಬೇಡಿ. ಒಮ್ಮೆ ಮೋಸದ ಕಾಗದಕ್ಕೆ ಹೆಬ್ಬೆಟ್ಟು ಕೊಟ್ಟು ನೆಲ ಕಳೆದುಕೊಂಡ ಜನ ಇವರು, ನಾವೂ ಅದೇ ತಪ್ಪು ಮಾಡಬಾರದು.

ಇದರ ಜೊತೆಗೆ ಒಂದು ದೊಡ್ಡ ಹಾಳೆಯಲ್ಲಿ ಹಳೆಯ ಹಾಡಿಯ ಚಿತ್ರ ಬರೆಸಿ: ಹೊಳೆ, ದಾರಿ, ಒಂದೊಂದು ಮನೆ. ಪ್ರತಿ ಮನೆಯ ಕೆಳಗೆ ಆಗ ಅಲ್ಲಿದ್ದವರ ಹೆಸರು, ಅವರ ಮಕ್ಕಳು, ಮೊಮ್ಮಕ್ಕಳು, ಈಗ ಎಲ್ಲಿದ್ದಾರೆ ಎಂಬುದು. ಇದೇ ವಂಶಾವಳಿ, ಇದೂ ನಿಯಮದ ಪಟ್ಟಿಯಲ್ಲಿರುವ ಸಾಕ್ಷ್ಯ. ಯಾವ ಕುಟುಂಬ ಬಿಟ್ಟುಹೋಗಿದೆ ಎಂಬುದೂ ಇದರಲ್ಲಿ ಹೊಳೆಯುತ್ತದೆ.

ಹಿರಿಯರ ಜೊತೆ ಹಳೆಯ ಜಾಗಕ್ಕೆ

ನೆಲದ ಮೇಲಿನ ಗುರುತುಗಳಷ್ಟು ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ. ಬಾವಿ, ಸಮಾಧಿ, ದೇವರ ಜಾಗ, ಮಟ್ಟ ಮಾಡಿದ ಹೊಲ, ಬದು, ಮನೆಯ ಅಡಿಪಾಯ, ಇವೆಲ್ಲ ನಿಯಮ 13ರಲ್ಲಿ ಸ್ಪಷ್ಟವಾಗಿವೆ. ಒರಳುಕಲ್ಲು, ಒಲೆಗಲ್ಲು, ಕಾಡಿನ ನಡುವೆ ತಾನಾಗಿ ಬೆಳೆಯದ ಹಲಸು, ಮಾವು, ಹುಣಸೆ ಕಂಡರೆ ಅವುಗಳನ್ನೂ ಸೇರಿಸಿ.

ಆದರೆ ಸುಮ್ಮನೆ ಒಳಗೆ ಹೋಗಬೇಡಿ. ಅತಿಕ್ರಮ ಪ್ರವೇಶದ ಕೇಸು ಬಿದ್ದರೆ ಅರ್ಜಿಯ ಕೆಲಸ ನಿಂತು ಕೋರ್ಟಿನ ಅಲೆದಾಟ ಶುರುವಾಗುತ್ತದೆ. ಅರಣ್ಯ ಹಕ್ಕು ಸಮಿತಿಯ ಹೆಸರಿನಲ್ಲಿ, ಸ್ಥಳ ಪರಿಶೀಲನೆಗೆ ಇಂಥ ದಿನ ಬರುತ್ತೇವೆ, ನಿಮ್ಮ ಪ್ರತಿನಿಧಿಯನ್ನು ಕಳಿಸಿ ಎಂದು ವಲಯ ಅರಣ್ಯಾಧಿಕಾರಿಗೂ ಕಂದಾಯ ಇಲಾಖೆಗೂ ಮೊದಲೇ ನೋಟಿಸ್ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂದವರು ಮಹಜರಿನಲ್ಲಿ ಹೆಸರು, ಹುದ್ದೆ, ದಿನಾಂಕ ಬರೆದು ಸಹಿ ಹಾಕಬೇಕು. ಅವರ ಅಭಿಪ್ರಾಯ ಬೇರೆಯಿದ್ದರೆ ಅದನ್ನೂ ಅಲ್ಲೇ ಬರೆಯಲಿ. ಬರದೇ ಇದ್ದು, ಆಮೇಲೆ ‘ನಾವು ಇರಲಿಲ್ಲ’ ಎಂದು ಆಕ್ಷೇಪಿಸಿದರೆ, ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೆ ವಾಪಸ್ ಬರುತ್ತದೆ. ಎರಡನೆಯ ಸಲವೂ ಅವರು ಬರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ನೋಟಿಸಿನ ಸ್ವೀಕೃತಿ ಕೈಯಲ್ಲಿದ್ದರೆ ಮಾತ್ರ ಇದನ್ನು ಹೇಳಲು ಬರುತ್ತದೆ.

ಪ್ರತಿ ಗುರುತಿನ ಹತ್ತಿರವೂ ಹಿರಿಯರನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ಫೋನಿನ ಜಿಪಿಎಸ್ ಅಂಕಿಗಳನ್ನು ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳಿ, ಫೋನು ಕೆಡಬಹುದು. ಮೊದಲು ದೇವರಿಗೆ ಕೈ ಮುಗಿಯಲು ಅವರಿಗೆ ಸಮಯ ಕೊಡಿ. ನಲವತ್ತು ವರ್ಷದ ಮೇಲೆ ತಾಯಿಯ ಸಮಾಧಿ ನೋಡುವವರ ಮುಂದೆ ಅಳತೆ ಟೇಪು ಹಿಡಿದು ಅವಸರ ಮಾಡಬಾರದು. ಒಂದು ಇಡೀ ದಿನ ಇಟ್ಟುಕೊಳ್ಳಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡಿ ತೋರಿಸಿದ್ದಾರೆ. ಪ್ರತಿ ಕುಲಕ್ಕೂ ಇದ್ದ ಎಲ್ಲೆ, ಆ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಹೀಗೆ ನೂರಾರು ಜಾಗಗಳನ್ನು ಹಿರಿಯರೊಂದಿಗೆ ನಡೆದು ನಕ್ಷೆಗೆ ಏರಿಸಿದರು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಈ ಹಕ್ಕು ಕೊಡಲು ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಬಿಳಿಗಿರಿಯ ಹೆಸರು ಹೇಳಿ.

ಕಾಗದಗಳು

‘ದಾಖಲೆ ತನ್ನಿ’ ಎಂಬ ಮಾತಿಗೆ ಹೆದರಬೇಕಿಲ್ಲ. ಇಂಥದೇ ದಾಖಲೆ ಬೇಕೆಂದು ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿಯಾದ ನಿಯಮ 12ಎ ಹೇಳುತ್ತದೆ. ಪಟ್ಟಿಯಲ್ಲಿರುವ ಸಾಕ್ಷ್ಯಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರಾಯಿತು. ಇಬ್ಬರು ಹಿರಿಯರ ಹೇಳಿಕೆ ಮತ್ತು ಸಮಾಧಿ, ಅಡಿಪಾಯಗಳ ಮಹಜರು ಸೇರಿದರೆ ಅರ್ಜಿಗೆ ಕಾಲು ಬಂದಂತೆಯೇ. ಉಪಗ್ರಹ ಚಿತ್ರದಲ್ಲಿ ಏನೂ ಕಾಣುವುದಿಲ್ಲ ಎಂಬ ಕಾರಣವನ್ನೂ ಒಪ್ಪಬೇಡಿ. ಆ ಚಿತ್ರಗಳು ಪೂರಕ ಮಾತ್ರ, ಬೇರೆ ಸಾಕ್ಷ್ಯದ ಬದಲಿಗೆ ಬರುವಂತಿಲ್ಲ ಎಂಬುದೂ ಅದೇ ನಿಯಮದಲ್ಲಿದೆ.

ಆದರೂ ಕಾಗದ ಸಿಕ್ಕರೆ ಬಿಡುವುದೇಕೆ? ಮನೆಯ ಹಳೆಯ ಟ್ರಂಕು ಹುಡುಕಿಸಿ. ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಜೇನು, ಸೀಗೆಕಾಯಿ, ನೆಲ್ಲಿಕಾಯಿ ಕೊಟ್ಟ ಚೀಟಿ, ಹಳೆಯ ಪಡಿತರ ಚೀಟಿ, ಇಲಾಖೆಯ ತೇಗದ ಪ್ಲಾಂಟೇಶನ್ನಿನಲ್ಲಿ ಕೂಲಿ ಮಾಡಿದ್ದರ ಗುರುತು, ಎಲ್ಲ ಬೇಕು. ಒಕ್ಕಲೆಬ್ಬಿಸುವಾಗ ಹಾಕಿದ ದಂಡದ ರಸೀತಿ ಇದ್ದರೆ ಜೋಪಾನ: ಆ ದಿನ ಆ ಜಾಗದಲ್ಲಿ ಆ ಮನುಷ್ಯ ಇದ್ದನೆಂದು ಇಲಾಖೆಯೇ ಬರೆದುಕೊಟ್ಟ ಕಾಗದ ಅದು. ಅಂಥ ರಸೀತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದಕ್ಕೂ ಬರುವುದಿಲ್ಲ.

ಸರ್ಕಾರದ ಕೈಯಲ್ಲಿರುವ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮವಿದೆ. ಅದಕ್ಕೇ ‘ನಮ್ಮ ಹಾಡಿಯ ಎಲ್ಲ ದಾಖಲೆ ಕೊಡಿ’ ಎಂದು ಕೇಳಬೇಡಿ. ಅರಣ್ಯ ಇಲಾಖೆಗೆ ಹಳೆಯ ವರ್ಕಿಂಗ್ ಪ್ಲಾನ್ (ಕಾಡಿನ ನಿರ್ವಹಣಾ ಯೋಜನೆ), ಕಂದಾಯ ಇಲಾಖೆಗೆ ಹಳೆಯ ಗ್ರಾಮ ನಕ್ಷೆ, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಗೆ ಅಸ್ಸಾದಿ ಸಮಿತಿಯ ವರದಿ ಎಂದು ಬೇರೆ ಬೇರೆ ಬರೆಯಿರಿ. 1961 ಮತ್ತು 1971ರ ಜನಗಣತಿಯ ಜಿಲ್ಲಾ ಕೈಪಿಡಿಗಳು, ಮೈಸೂರು ಮತ್ತು ಕೊಡಗು ಗೆಜೆಟಿಯರ್‌ಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಗೆಜೆಟಿಯರ್, ಜನಗಣತಿ, ವರ್ಕಿಂಗ್ ಪ್ಲಾನ್, ಸಮಿತಿಗಳ ವರದಿ, ಕೋರ್ಟಿನ ದಾಖಲೆ, ಎಲ್ಲವೂ ನಿಯಮ 13ರ ಪಟ್ಟಿಯಲ್ಲಿವೆ. ಇದು ಕಾಲೇಜು ಓದುವ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ.

ನಮೂನೆ ತುಂಬುವಾಗ

ಕುಟುಂಬದ ಹಕ್ಕಿಗೆ ‘ಎ’ ನಮೂನೆ, ಸಮುದಾಯದ ಹಕ್ಕಿಗೆ ‘ಬಿ’, ಊರು ಮೊದಲಿನಿಂದ ಬಳಸಿ ಕಾಪಾಡಿಕೊಂಡು ಬಂದ ಇಡೀ ಕಾಡಿಗೆ, ಅಂದರೆ ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ‘ಸಿ’. ‘ಎ’ ನಮೂನೆಯಲ್ಲಿ ಹೆಸರು, ಗಂಡ ಅಥವಾ ಹೆಂಡತಿ, ತಂದೆ ತಾಯಿ, ವಿಳಾಸ ಇತ್ಯಾದಿ ಆದ ಮೇಲೆ ಭೂಮಿಯ ಬಗೆಗಿನ ಸಾಲುಗಳು ಬರುತ್ತವೆ. ಮೊದಲನೆಯ ಸಾಲು ಈಗ ಅನುಭವದಲ್ಲಿರುವ ಭೂಮಿಯದು. ಹೊರಹಾಕಿಸಿಕೊಂಡವರು ಅದನ್ನು ತುಂಬಲು ಹೋಗಿ ಕೈಯಲ್ಲಿ ನೆಲವಿಲ್ಲದೆ ‘ಇಲ್ಲ’ ಎಂದು ಬರೆದು, ಅರ್ಜಿಯೇ ಬಿದ್ದುಹೋಗುತ್ತದೆ. ನೀವು ತುಂಬಬೇಕಾದದ್ದು ನಾಲ್ಕನೆಯ ಸಾಲು, ಅದು ಇದ್ದ ಜಾಗದ ಪುನರ್ವಸತಿ ಅಥವಾ ಬದಲಿ ಭೂಮಿ, ಕಲಂ 3(1)(ಎಂ). ಐದನೆಯದು ಪರಿಹಾರವಿಲ್ಲದೆ ಎಬ್ಬಿಸಿದ ಭೂಮಿ, ಕಲಂ 4(8). ಯಾವ ಹಾಡಿ, ಎಷ್ಟು ಎಕರೆ, ಯಾವಾಗ, ಯಾರು ಎಬ್ಬಿಸಿದರು, ಏನು ಕೊಟ್ಟರು ಅಥವಾ ಕೊಡಲಿಲ್ಲ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ. ಮೂಲ ಜಾಗವೇ ಬೇಕೋ, ಬದಲಿ ಭೂಮಿ ಸಾಕೋ ಎಂಬುದನ್ನು ಕುಟುಂಬವೇ ಕೂತು ತೀರ್ಮಾನಿಸಲಿ. ಆ ಮಾತನ್ನು ನಾವು ಅವರ ಬಾಯಿಗೆ ಹಾಕಬಾರದು.

ಅರ್ಜಿ ಕೊಟ್ಟಾಗ ಅರಣ್ಯ ಹಕ್ಕು ಸಮಿತಿ ಲಿಖಿತ ಸ್ವೀಕೃತಿ ಕೊಡಬೇಕು. ಸಮಿತಿ ನಿಮ್ಮದೇ ಆಗಿದ್ದರೂ ಸ್ವೀಕೃತಿ ಬರೆಯಿರಿ, ಕ್ರಮಸಂಖ್ಯೆ ಹಾಕಿ. ಗ್ರಾಮಸಭೆಯ ನಿರ್ಣಯವಾದ ಮೇಲೆ ಇಡೀ ಕಟ್ಟನ್ನು ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿರುವ ಉಪವಿಭಾಗ ಮಟ್ಟದ ಸಮಿತಿಗೆ ಕೊಟ್ಟು, ಪ್ರತಿಯೊಂದು ಪುಟಕ್ಕೂ ಮುದ್ರೆ ಹಾಕಿಸಿಕೊಂಡ ನಕಲನ್ನು ಇಟ್ಟುಕೊಳ್ಳಿ. ಒಂದು ಕಚೇರಿಯಲ್ಲಿ ನಮ್ಮ ಕಟ್ಟು ಎರಡು ಸಲ ‘ಸಿಗಲಿಲ್ಲ’. ಎರಡು ಸಲವೂ ಮುದ್ರೆಯಿದ್ದ ನಕಲೇ ಕಾಪಾಡಿತು. ಮೂಲ ಪ್ರತಿಗಳು ಹಾಡಿಯಲ್ಲೇ ಇರಲಿ, ಗೆದ್ದಲು ಹತ್ತದ ತಗಡಿನ ಪೆಟ್ಟಿಗೆಯಲ್ಲಿ.

ತಿರಸ್ಕಾರವಾದರೆ

ಆಗುವ ಸಾಧ್ಯತೆ ಇದೆ ಎಂದು ಹಾಡಿಯವರಿಗೆ ಮೊದಲೇ ಹೇಳಿ. ತಿರಸ್ಕರಿಸಿದ್ದನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. ನೋಟಿಸ್ ಬೋರ್ಡಿಗೆ ಪಟ್ಟಿ ಅಂಟಿಸಿದರೆ ಆಗಲಿಲ್ಲ. ತಿಳಿಸಿದ ದಿನದಿಂದ 60 ದಿನದೊಳಗೆ ಮೇಲಿನ ಸಮಿತಿಗೆ ಅರ್ಜಿ ಹಾಕಬಹುದು. ಸಮಿತಿ ಒಪ್ಪಿದರೆ ಇನ್ನೂ 30 ದಿನ ಸಿಗುತ್ತದೆ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ. ನಿಮ್ಮ ಮಾತು ಕೇಳದೆ ಮೇಲ್ಮನವಿ ತಳ್ಳಿಹಾಕುವಂತಿಲ್ಲ. ಸಾಕ್ಷ್ಯ ಸಾಲದು ಅನ್ನಿಸಿದರೆ ಗ್ರಾಮಸಭೆಗೆ ಮರಳಿಸಬೇಕೇ ಹೊರತು ಒಂದೇ ಏಟಿಗೆ ತಿರಸ್ಕರಿಸುವುದಕ್ಕೆ ಬರುವುದಿಲ್ಲ. ‘ದಾಖಲೆ ಇಲ್ಲ’ ಎಂಬ ಎರಡೇ ಪದದ ಹಿಂಬರಹ ಬಂದರೆ ಮೇಲ್ಮನವಿಯ ಮೊದಲ ಸಾಲಿನಲ್ಲೇ ನಿಯಮ 12ಎ ಮತ್ತು 13 ಬರೆಯಿರಿ.

ಜಿಲ್ಲಾ ಸಮಿತಿಯ ತೀರ್ಮಾನ ಅಂತಿಮ. ಅದರ ಮೇಲೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೂ ಬರೆಯಬಹುದು.

ಈ ನಡುವೆ ಒತ್ತಡಗಳು ಬರುತ್ತವೆ. ಈಗ ಕಾಡಿನೊಳಗೇ ಇರುವ ಕುಟುಂಬವನ್ನು, ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಎಬ್ಬಿಸುವಂತಿಲ್ಲ. ಅದು 4(5)ನೇ ಕಲಂ. ಆದಿವಾಸಿಗಳ ಅರಣ್ಯ ಹಕ್ಕಿನ ಅನುಭೋಗಕ್ಕೆ ಅನ್ಯರು ಅಡ್ಡಿ ಮಾಡುವುದು 2015ರ ತಿದ್ದುಪಡಿಯ ನಂತರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಹಣ ಕೊಡುತ್ತೇವೆ, ಸ್ವಯಂಪ್ರೇರಿತವಾಗಿ ಬನ್ನಿ ಎಂದು ಸ್ಥಳಾಂತರದ ಕಾಗದ ತಂದರೆ, ಹುಲಿ ಸಂರಕ್ಷಿತ ಪ್ರದೇಶದಲ್ಲೂ ಮೊದಲು ಹಕ್ಕು ಇತ್ಯರ್ಥವಾಗಬೇಕು, ಗ್ರಾಮಸಭೆಯ ಒಪ್ಪಿಗೆ ಬೇಕು ಎಂಬುದು ನೆನಪಿರಲಿ. ಒಂಟಿಯಾಗಿ ಮನೆ ಬಾಗಿಲಲ್ಲಿ ಸಹಿ ಹಾಕಬೇಡಿ, ‘ಹಾಡಿಯ ಸಭೆಗೆ ಬನ್ನಿ’ ಎನ್ನಿ.

2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ ನಡೆದು ಹೋಗಿ ಅಲ್ಲೇ ಗುಡಿಸಲು ಕಟ್ಟಿಕೊಂಡವು. ದಾರಿ ಸವೆಸಿ ಸವೆಸಿ ಸಾಕಾದವರ ಹೆಜ್ಜೆ ಅದು. ಅವರ ಮೇಲೆ ನನಗೆ ಗೌರವವಿದೆ. ಆದರೆ ಹಾಗೆ ಹೋಗುವ ಯೋಚನೆ ನಿಮ್ಮ ಹಾಡಿಯಲ್ಲೂ ಇದ್ದರೆ, ಅರ್ಜಿ, ಸ್ವೀಕೃತಿ, ಮಹಜರು, ವಕೀಲರು ಮೊದಲು ಸಿದ್ಧವಿರಲಿ. ಅವಿಲ್ಲದೆ ಹೋದರೆ ಮೊದಲು ಕಷ್ಟಕ್ಕೆ ಸಿಕ್ಕುವವರು ಮಕ್ಕಳು, ಬಾಣಂತಿಯರು.

ಹಕ್ಕುಪತ್ರ ಬಂದ ದಿನ

ಸಂಭ್ರಮದ ನಡುವೆಯೇ ಕಾಗದವನ್ನು ಸಾಲು ಸಾಲಾಗಿ ಓದಿ. ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು; ಒಬ್ಬರೇ ಇರುವ ಮನೆಯಾದರೆ ಅವರ ಹೆಸರು. ಎಲ್ಲೆಗಳು ಮಹಜರಿನಂತೆಯೇ ಇವೆಯೇ, ಕೇಳಿದ್ದು ಎರಡು ಎಕರೆಯಾಗಿ ಕೊಟ್ಟದ್ದು ಹತ್ತು ಗುಂಟೆಯೇ ಎಂದು ನೋಡಿ. ಕಡಿಮೆಯಾಗಿದ್ದರೆ ಅದೂ ಬದಲಾವಣೆಯೇ, ಮೇಲೆ ಹೇಳಿದ ದಾರಿಯಲ್ಲೇ ಅದನ್ನೂ ಪ್ರಶ್ನಿಸಬಹುದು. ಈ ಭೂಮಿ ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಸರ್ವೆ ಮಾಡಿಸಿ ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಹೆಸರು ಸೇರಿಸಲು ಆಗಲೇ ಅರ್ಜಿ ಕೊಡಿ.

ಕುಟುಂಬದ ಅರ್ಜಿಗಳು ಎಷ್ಟೇ ತಡವಾಗಲಿ, ‘ಬಿ’ ಮತ್ತು ‘ಸಿ’ ನಮೂನೆಗಳನ್ನು ಜೊತೆಯಲ್ಲೇ ಹಾಕಿಬಿಡಿ. ದೇವರ ಜಾಗಕ್ಕೆ ಹಬ್ಬದ ದಿನ ಹೋಗುವುದು, ಹಿರಿಯರ ಸಮಾಧಿಗೆ ಎಡೆ ಇಡುವುದು, ಜೇನು ಕೀಳುವುದು, ಗೆಡ್ಡೆಗೆಣಸು ಅಗೆಯುವುದು ಇದರಲ್ಲಿ ಬರುತ್ತವೆ. ಜೇನುಕುರುಬರು ಮತ್ತು ಕೊರಗರು ಕೇಂದ್ರದ ಪಟ್ಟಿಯಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳು. ಅವರಿಗೆ ತಮ್ಮ ಇಡೀ ಆವಾಸದ ಮೇಲೆ ಹಕ್ಕು ಕೇಳುವ ದಾರಿ 3(1)(ಇ) ಕಲಂನಲ್ಲಿ ಬೇರೆಯೇ ಇದೆ. ನೀವು ಹಿರಿಯರ ಜೊತೆ ನಡೆದು ಗುರುತು ಹಾಕಿದ ಆ ದೊಡ್ಡ ಹಾಳೆ, ಆ ಅರ್ಜಿಗೂ ಲಗತ್ತಾಗುತ್ತದೆ.